ಆಡಿಟರ್ ಒಪ್ಪಿದ ಕೌದಿ

ನನ್ನ ದನಿಯನ್ನು ಊರೇ ನಂಬುತ್ತದೆ, ನನ್ನನ್ನು ಮಾತ್ರ ಯಾರೂ ನಂಬುವುದಿಲ್ಲ. ಸಿರುಗುಪ್ಪದ ಖಾನಾವಳಿಯಿಂದ ಕುರುಗೋಡಿನ ಸೀರೆ ಅಂಗಡಿಯವರೆಗೆ, ಆಟೋದಲ್ಲಿ ಕೂಗುವ ಜಾಹೀರಾತುಗಳನ್ನು ಮನೆಯಲ್ಲೇ ಕೂತು ಹತ್ತಾರು ದನಿಗಳಲ್ಲಿ ರೆಕಾರ್ಡ್ ಮಾಡಿಕೊಡುವುದು ನನ್ನ ದಂಧೆ. ಸ್ಟುಡಿಯೋ ಎಂದರೆ ಬೆರಗಾಗಬೇಡಿ, ದನಿ ಗೋಡೆಗೆ ಬಡಿದು ಮರಳದಂತೆ ಸುತ್ತಲೂ ಅವ್ವ ಹೊಲಿದ ಕೌದಿಗಳನ್ನು ತೂಗುಹಾಕಿದ ಒಂದು ಕೋಣೆ, ಅಷ್ಟೆ.

ಈಚೆಗೆ ಮನೆ, ದಂಧೆ ಎರಡನ್ನೂ ಸಿರುಗುಪ್ಪದಿಂದ ಬಳ್ಳಾರಿಯ ಪಾರ್ವತಿನಗರಕ್ಕೆ ಸಾಗಿಸಿದೆ. ಮೊದಲ ಟೆಂಪೋದಲ್ಲಿ ಮಂಚ, ಪಾತ್ರೆ. ಎರಡನೆಯದರಲ್ಲಿ ಒಂದು ಮೂಲೆಗೆ ಮೈಕು, ಕಂಪ್ಯೂಟರು, ಉಳಿದದ್ದೆಲ್ಲ ಕೌದಿ. ಸಾಗಣೆಯ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದೆಂದು ಕೌಲ್ ಬಜಾರಿನ ಆಡಿಟರ್ ಬಳಿ ಓಡಿದೆ. ಏನು ದಂಧೆ ಎಂದು ಕೇಳಿದರು. ಅವ್ವನ ದನಿಯಲ್ಲಿ ನನ್ನನ್ನೇ ನಾನು ಬೈದು ತೋರಿಸಿದೆ. ಕನ್ನಡಕ ತೆಗೆದು ನಕ್ಕರು. ಮರಳಿ ಹಾಕಿಕೊಂಡ ಮೇಲೆ ನಗು ಇರಲಿಲ್ಲ. ಮೊದಲ ಟೆಂಪೋ ಮನೆಯ ಖರ್ಚು, ಕಳೆಯಲು ಬರುವುದಿಲ್ಲ ಎಂದರು. ಎರಡನೆಯದು?

“ಕೌದಿ ಅಂದ್ರ ಹೊದ್ಕೊಳ್ಳಾದು ತಮ್ಮಾ. ಅದೂ ಮನಿದ.”

ನನ್ನ ಕೌದಿ ಗೋಡೆಗೆ ಎಂದು ಎಷ್ಟು ಹೇಳಿದರೂ ಅಡ್ಡಡ್ಡ ತಲೆಯಾಡಿಸಿದರು. ಸಂಜೆ ಖಾತ್ರಿ ಮಾಡಿಕೊಳ್ಳಲು ಮನೆಗೆ ಫೋನು ಮಾಡಿದರಂತೆ. ಎತ್ತಿದ್ದು ಅವ್ವ. ಅವಳು ಬಾಯಿ ತೆರೆದದ್ದೇ ತಡ, ಸಾಕು ಬಿಡಪಾ, ನಿನ್ನ ವಿದ್ಯೆ ಬೆಳಿಗ್ಗೆಯೇ ನೋಡಿದ್ದೇನೆ ಎಂದು ಫೋನು ಇಟ್ಟುಬಿಟ್ಟರಂತೆ.

ಹೆತ್ತ ತಾಯಿಯ ದನಿಯನ್ನೇ ನಕಲಿ ಮಾಡಿಟ್ಟ ಮಗ ನಾನು. ಮರುದಿನ ಅವ್ವ ಸೆರಗು ಬಿಗಿದು ನನ್ನ ಜೊತೆ ಆಡಿಟರ್ ಆಫೀಸಿಗೇ ಬಂದಳು. ಮೊದಲು ನನಗೆ ಬೈದಳು. ನನ್ನ ನಕಲಿಗೂ ಅಸಲಿಗೂ ಎಷ್ಟು ಅಂತರವೆಂದು ಆಡಿಟರಿಗೆ ಅಲ್ಲೇ ತಿಳಿಯಿತು. ಆಮೇಲೆ ಅವರತ್ತ ತಿರುಗಿದಳು.

“ಇವನ ಒದರಾಟ ಓಣಿಗೆ ಕೇಳಬಾರ್ದಂತ ತೂಗಾಕೀವ್ರಿ. ಆ ಕೌದಿ ಯಾರೂ ಹೊದ್ಕೊಳ್ಳಂಗಿಲ್ಲ.”

ಎರಡನೇ ಟೆಂಪೋ ದಂಧೆಯ ಖರ್ಚಾಯಿತು. ಆಟೋದಲ್ಲಿ ಮರಳುವಾಗ ಎದೆ ಎಷ್ಟು ಹಗುರಾಗಿತ್ತೆಂದರೆ, ಕನ್ನಡಕದ ಮೇಲಿಂದ ನೋಡುವ ಆಡಿಟರನ್ನು ಅಭಿನಯಿಸಿ ತೋರಿಸಿದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಮಲಗುವ ಹೊತ್ತಿಗೆ ರೂಢಿಯಂತೆ ಗೋಡೆಯಿಂದ ಒಂದು ಕೌದಿ ಎಳೆದೆ. ಆಫೀಸಿನಲ್ಲಿ ಇದೊಂದನ್ನು ಹೇಳಿರಲಿಲ್ಲ, ನಿಜ.

“ಲೇ, ಇಡು ಅದನ್ನ. ದಂಧೇದು ಅದು. ಆ ಮನುಷ್ಯಾಗ ಮಾತು ಕೊಟ್ಟು ಬಂದೀನಿ.”

ಈಗ ಸೀರೆ ಅಂಗಡಿಯವರು ಬಿಟ್ಟುಹೋದ ಬ್ಯಾನರು ಹೊದ್ದು ಮಲಗುತ್ತೇನೆ. ‘ಹಳೇ ಮಾಲು, ಅರ್ಧ ಬೆಲೆ’ ಎಂಬ ದಪ್ಪಕ್ಷರಗಳು ಸರಿಯಾಗಿ ನನ್ನ ಎದೆಯ ಮೇಲೇ ಬರುತ್ತವೆ.