ಜರೀನಾಬಿಯವರ ಒಲೆಯ ಮುಂದೆ ಮಕ್ಕಳು ಕೂಡುವ ಕುರಿತು

ಋತುಮಾನ ಹಾಗೂ ಬಾಲರೋಗ ಸಮನ್ವಯ ಶಾಖೆ
(ಕಟ್ಟಡ ಸೋರುತ್ತಿರುವುದರಿಂದ ಸದ್ಯಕ್ಕೆ ಪಕ್ಕದ ಕಟ್ಟಡದಲ್ಲಿ)

ಸಂಖ್ಯೆ: ಋಬಾಸ/ಥಂಡಿ/ಒಲೆ/ಸುತ್ತೋಲೆ-2
ದಿನಾಂಕ: ಶ್ರಾವಣ ಮಾಸ, ಮೋಡ ಕವಿದ ಬುಧವಾರ

ವಿಷಯ: ನವಲಗುಂದ ತಾಲ್ಲೂಕಿನ ತಿರ್ಲಾಪುರ ಗ್ರಾಮದಲ್ಲಿ ಮಳೆಯ ದಿನಗಳಲ್ಲಿ ಮಕ್ಕಳು ಒಂದೇ ಒಲೆಯ ಮುಂದೆ ಗುಂಪುಗೂಡುತ್ತಿರುವುದು ಹಾಗೂ ನಾಯಿಕೆಮ್ಮು ಅವರ ಬೆನ್ನು ಹತ್ತಿರುವುದು – ಕ್ರಮದ ಬಗ್ಗೆ.

ಉಲ್ಲೇಖ:
1. ಇದೇ ಶಾಖೆಯ ಸುತ್ತೋಲೆ-1: "ಮಳೆಗಾಲದಲ್ಲಿ ಮಕ್ಕಳನ್ನು ಮನೆಯೊಳಗೆ ಬೆಚ್ಚಗೆ ಇಡತಕ್ಕದ್ದು."
2. ಶ್ರೀಮತಿ ಜರೀನಾಬಿ ಅವರ ಮೌಖಿಕ ಹೇಳಿಕೆಗಳು (ಕೇಳದೆ ಇದ್ದಾಗ ನೀಡಿದವೂ ಸೇರಿ).
3. ಕಚೇರಿಯ ಕಿಟಕಿಯಿಂದ ಕಂಡ ಆಕಾಶ.

ಪ್ರಸ್ತಾವನೆ:

ಉಲ್ಲೇಖ (1)ರ ಸುತ್ತೋಲೆಯನ್ನು ತಿರ್ಲಾಪುರದ ಜನ ಚಾಚೂ ತಪ್ಪದೆ ಪಾಲಿಸಿರುತ್ತಾರೆ. ಶಾಖೆಯ ಸುತ್ತೋಲೆಯೊಂದನ್ನು ಯಾರಾದರೂ ಪಾಲಿಸಿದ್ದು ಇದೇ ಮೊದಲಾದ್ದರಿಂದ ಮುಂದೇನು ಮಾಡಬೇಕೆಂಬುದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಜಿಟಿಜಿಟಿ ಮಳೆ ಹಿಡಿದು ಬಿಡದಾದಾಗ ಓಣಿಯ ಮನೆಮನೆಯ ಹತ್ತಿಕಟ್ಟಿಗೆ ತೊಯ್ದು ತೊಪ್ಪೆಯಾಗಿ, ಒಲೆಗಳು ಹೊಗೆಯನ್ನು ಬಿಟ್ಟು ಬೇರೇನನ್ನೂ ಕೊಡದಾದವು. ಗ್ಯಾಸ್ ಒಲೆಗಳಿದ್ದರೂ ಅವುಗಳ ಮುಂದೆ ಕೂತು ಯಾರೂ ಮೈ ಕಾಯಿಸಿಕೊಳ್ಳುವುದಿಲ್ಲ. ದನದ ಕೊಟ್ಟಿಗೆಯ ಅಟ್ಟದ ಮೇಲೆ ಕಟ್ಟಿಗೆ ಒಟ್ಟಿಟ್ಟಿದ್ದವರು ಜರೀನಾಬಿ ಒಬ್ಬರೇ. ಹೀಗಾಗಿ ಓಣಿಯ ಮಕ್ಕಳೆಲ್ಲ, ಸರ್ಕಾರಿ ಆದೇಶದನ್ವಯ ಬೆಚ್ಚಗಿರಲು, ಅವರ ಅಡುಗೆಮನೆ ಸೇರಿದರು. ಜರೀನಾಬಿಯವರು ಯಾರ ಮಗು ಎಂದು ಕೇಳದೆ ಎಲ್ಲರಿಗೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕುಡಿಯಲು ಒಂದೇ ತಂಬಿಗೆ ನೀರು ಕೊಟ್ಟಿರುತ್ತಾರೆ. ಅದೇ ಮನೆಯ ಒಳಕೋಣೆಯಲ್ಲಿ ಬಾಣಂತನಕ್ಕೆ ಬಂದ ಮಗಳು ಶಬೀನಾ ಮತ್ತು ಇನ್ನೂ ತಿಂಗಳು ತುಂಬದ ಕೂಸು ಇರುತ್ತಾರೆ. ನಡುವೆ ಇರುವುದು ಒಂದು ಹಳೆಯ ಸೀರೆಯ ಪರದೆ.

ಮೊದಲು ಕೆಮ್ಮಿದವಳು ಪಕ್ಕದ ಮನೆಯ ಕೆಂಚವ್ವ ಅವರ ಮೊಮ್ಮಗಳು ನೇತ್ರಾ. ಆಮೇಲೆ ಇನ್ನೂ ಕೆಲವರು. ವೈದ್ಯರು ಇದು ನಾಯಿಕೆಮ್ಮು ಎಂದು ಗುರುತಿಸಿ ಔಷಧಿ ಆರಂಭಿಸಿರುತ್ತಾರೆ. ಹೆಸರನ್ನು ನಂಬಿ ಶಾಖೆಯು ಪಶುವೈದ್ಯರಿಗೆ ಬರೆದಿದ್ದ ಪತ್ರವನ್ನು ಹಿಂಪಡೆಯಲಾಗಿದೆ. ಆಮೇಲೆ ಶಾಖಾಧಿಕಾರಿಗಳು ಖುದ್ದಾಗಿ ಗ್ರಾಮಕ್ಕೆ ಹೋಗಿ, ಎರಿಮಣ್ಣಿನ ಕಪ್ಪು ಕೆಸರಿನಲ್ಲಿ ಒಂದು ಬೂಟು ಕಳೆದುಕೊಂಡು, ಈ ಕೆಳಗಿನಂತೆ ನಿರ್ದೇಶನ ನೀಡಿರುತ್ತಾರೆ.

1. ಸುತ್ತೋಲೆ-1 ಸರಿಯಾಗಿಯೇ ಇದೆ. ಅದನ್ನು ಮಳೆಯು ತಪ್ಪಾಗಿ ಅರ್ಥ ಮಾಡಿಕೊಂಡಿರುತ್ತದೆ.

2. ಕೆಮ್ಮು ಥಂಡಿಯಿಂದಲೇ ಹುಟ್ಟುತ್ತದೆ ಎಂಬ ಜರೀನಾಬಿಯವರ ಅಭಿಪ್ರಾಯವನ್ನು ಒಪ್ಪಲಾಗದು. ಥಂಡಿಯು ಮಕ್ಕಳನ್ನೆಲ್ಲ ಒಂದೇ ಕೋಣೆಗೆ ಅಟ್ಟುವಷ್ಟು ಕೆಲಸ ಮಾಡಿ ಸುಮ್ಮನಾಗುತ್ತದೆ. ಉಳಿದದ್ದನ್ನು ಮಕ್ಕಳೇ ಒಬ್ಬರ ಮುಖಕ್ಕೊಬ್ಬರು ಕೆಮ್ಮಿ ಪೂರೈಸಿಕೊಳ್ಳುತ್ತಾರೆ. ಇದಕ್ಕೆ ಅವರು ನೀಡಿದ ಉತ್ತರ: "ಏನ್ ಮಾತಾಡ್ತೀರಿ ಸಾಹೇಬ್ರ? ಥಂಡಿ ಹತ್ತಿದ ಕೂಸಿನ್ನ ಬೆಂಕಿ ಮುಂದ ಕುಂದ್ರಸದ ಮಳ್ಯಾಗ ನಿಂದ್ರಸ್ಲೇನ್ರಿ? ನಿಮ್ಮ ಕಾಗದದಾಗ ಹಂಗ ಬರದೈತೇನು?" ಕಾಗದವನ್ನು ತೆಗೆದು ನೋಡಲಾಗಿ, ಹಾಗೆ ಬರೆದಿರಲಿಲ್ಲ.

3. ಒಲೆಯ ಮುಂದೆ ಕೂಡುವ ಮಕ್ಕಳು ಪರಸ್ಪರ ಒಂದು ಮಾರು ಅಂತರ ಕಾಯತಕ್ಕದ್ದು. ಹಾಗೆ ಕೂಡಿಸಿ ನೋಡಿದಾಗ ಸಾಲು ಅಡುಗೆಮನೆ ದಾಟಿ ಕೊಟ್ಟಿಗೆಗೆ ಹೋಗಿ, ಎಮ್ಮೆ ಮಳೆಯಲ್ಲಿ ನಿಲ್ಲಬೇಕಾಯಿತು. ಎಮ್ಮೆಗೆ ನಾಯಿಕೆಮ್ಮು ತಗುಲಿದ ದಾಖಲೆ ಇಲ್ಲವಾದ್ದರಿಂದ ಅದನ್ನು ಒಳಗೆ ಕರೆತಂದು ಮಕ್ಕಳ ನಡುವೆ ಅಡ್ಡಲಾಗಿ ಕಟ್ಟಲು ಅನುಮತಿಸಲಾಗಿದೆ. ಎಮ್ಮೆ ಒಪ್ಪಿತು. ಮಕ್ಕಳು ಅದರ ಮೇಲೆ ಹತ್ತಿ ಕೂತರು.

4. ಕೆಮ್ಮು ಬರುವ ಮಗು ಗಾಳಿ ಬೀಸುವ ದಿಕ್ಕಿಗೆ ಮುಖ ಮಾಡಿ ಕೆಮ್ಮತಕ್ಕದ್ದು. ಈ ದಿನಗಳಲ್ಲಿ ಗಾಳಿ ಪಡುವಣದಿಂದ ಬರುವುದರಿಂದ ಮೂಡಣಕ್ಕೆ ಕೆಮ್ಮಬೇಕಾಗುತ್ತದೆ. ಮೂಡಣಕ್ಕೆ ಕೆಂಚವ್ವ ಅವರ ಮನೆ ಇದ್ದು, ಅವರು ಸಲ್ಲಿಸಿದ ಆಕ್ಷೇಪಣೆ: "ನನ್ನ ಮನೀ ಕಡೆ ಯಾಕ ಕೆಮ್ಮಸ್ತೀರಿ? ನಿಮ್ಮ ಆಫೀಸ ಯಾವ ಕಡೆ ಐತಿ ಹೇಳ್ರಿ, ಆ ಕಡೆ ಕೆಮ್ಮಸೂಣು." ಕಚೇರಿಯ ದಿಕ್ಕನ್ನು ಬಹಿರಂಗಪಡಿಸುವುದು ಸಾಧುವಲ್ಲವೆಂದು ಈ ಅಂಶವನ್ನು ತಡೆಹಿಡಿಯಲಾಗಿದೆ.

5. ಕೆಮ್ಮು ಬರುವ ಮುನ್ನ ಮಗುವು ಲಿಖಿತ ಸೂಚನೆ ಕೊಡತಕ್ಕದ್ದು. ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತಬಹುದು. ತಂಬಿಗೆಯನ್ನು ಕೂಡಲೇ ಅಮಾನತಿನಲ್ಲಿಡಲಾಗಿದ್ದು, ಮಕ್ಕಳು ತಮ್ಮ ತಮ್ಮ ಲೋಟ ತರುವುದು. ಮಳೆಯು ದಿನಕ್ಕೊಮ್ಮೆ, ಕಿಟಕಿ ತೆರೆದು ಗಾಳಿಯಾಡಿಸುವಷ್ಟಾದರೂ ಬಿಡುವು ಕೊಡಬೇಕೆಂದು ಕೋರಲಾಗಿತ್ತು. ಉತ್ತರವಾಗಿ ಇನ್ನಷ್ಟು ಮಳೆ ಬಂದಿದೆ.

6. ಇಷ್ಟನ್ನು ಓದಿ ಹೇಳುತ್ತಿರುವಾಗ ನೇತ್ರಾಗೆ ಕೆಮ್ಮು ಬಂದು, ಮುಖ ಕೆಂಪಾಗಿ, ಕೂಗಿದಂಥ ಸದ್ದಿನೊಂದಿಗೆ ಉಸಿರು ಎಳೆದುಕೊಳ್ಳುವಂತಾಗಿ, ತಿಂದ ರೊಟ್ಟಿ ವಾಂತಿಯಾಯಿತು. ಆಗ ಪರದೆಯ ಹಿಂದಿನಿಂದ ಶಬೀನಾ ತನ್ನ ತಾಯಿಗೆ ಉರ್ದುವಿನಲ್ಲಿ ಹೇಳಿದ್ದನ್ನು ಕೆಂಚವ್ವ ಅವರು ಶಾಖೆಗಾಗಿ ಕನ್ನಡದಲ್ಲಿ ತಿಳಿಸಿರುತ್ತಾರೆ: "ಅಮ್ಮಾ, ಇಷ್ಟ ದೊಡ್ಡಾಕಿಗೇ ಉಸಿರು ಎಳಕೊಳ್ಳಾಕ ಆಗವಲ್ದು. ನನ್ನ ಕೂಸಿಗೆ ಎಲ್ಲಿ ಬಲ ಐತಿ?" ಇಷ್ಟು ಎಳೆಗೂಸಿಗೆ ಈ ರೋಗದ ಚುಚ್ಚುಮದ್ದು ಹಾಕುವ ವಯಸ್ಸು ಇನ್ನೂ ಆಗಿರುವುದಿಲ್ಲ ಎಂದೂ, ತಗುಲಿದರೆ ಅದು ಕೆಮ್ಮದೆಯೇ ಸುಮ್ಮನೆ ಉಸಿರು ನಿಲ್ಲಿಸಬಹುದೆಂದೂ ವೈದ್ಯರು ತಿಳಿಸಿರುತ್ತಾರೆ. ಜರೀನಾಬಿಯವರು ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. ಈ ಅಂಶದಲ್ಲಿ ನಿರ್ದೇಶನ ಏನೂ ಇಲ್ಲ.

7. ಅಂದು ಮಧ್ಯಾಹ್ನ ಜರೀನಾಬಿಯವರು ಮಕ್ಕಳನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಇದು ಯಾವ ಆದೇಶದ ಮೇರೆಗೂ ಅಲ್ಲ. ಉಳಿದ ಮಕ್ಕಳು ಮನೆಗೆ ಹೋದರೂ ನೇತ್ರಾ ಸೂರಿನಡಿ ನಿಂತು, ಮುಚ್ಚಿದ ಬಾಗಿಲಿಗೆ ಕೆಳಕಂಡಂತೆ ಮನವಿ ಸಲ್ಲಿಸಿರುತ್ತಾಳೆ: "ಆಯೀ, ನಾ ಕೆಮ್ಮಂಗಿಲ್ಲ. ಬಾಯಿ ಮುಚ್ಕೊಂಡ ಕುಂದರ್ತೀನಿ. ಬಾಗಲಾ ತಗೀ." ಹೇಳಿ ಮುಗಿಯುವ ಮೊದಲೇ ಕೆಮ್ಮು ಬಂತು. ಬಾಗಿಲು ತೆರೆಯಲಿಲ್ಲ. ಜರೀನಾಬಿಯವರು ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅತ್ತಿದ್ದನ್ನು ಶಬೀನಾ ನೋಡಿರುತ್ತಾಳೆ. ಕೆಂಚವ್ವ ಅವರು ಬಂದು ಮೊಮ್ಮಗಳನ್ನು ಎತ್ತಿಕೊಂಡು ಹೋದರು. ಶಾಖೆಗೆ ಬಹಳ ಸಂಕಟವಾಗಿರುತ್ತದೆ.

8. ಸ್ವಲ್ಪ ಹೊತ್ತಿನ ಮೇಲೆ ಜರೀನಾಬಿಯವರು ಹಿತ್ತಿಲ ಬಾಗಿಲಿನಿಂದ ಹೊರಬಂದರು. ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಕಂಕುಳಲ್ಲಿ ಒಣ ಕಟ್ಟಿಗೆಯ ಹೊರೆ, ಕೈಯಲ್ಲಿ ಮುಚ್ಚಳ ಹಾಕಿದ ಕಬ್ಬಿಣದ ಬೋಗುಣಿಯಲ್ಲಿ ಕೆಂಡ. ಕೆಂಚವ್ವ ಅವರ ಮನೆಯಿಂದ ಆರಂಭಿಸಿ ಮನೆಮನೆಗೆ ಹೋಗಿ ಕಟ್ಟಿಗೆ, ಕೆಂಡ ಕೊಟ್ಟು, ಒಲೆ ಹೊತ್ತಿದ್ದನ್ನು ಹೊಸ್ತಿಲಾಚೆಯಿಂದಲೇ ನೋಡಿ ಮುಂದಿನ ಮನೆಗೆ ನಡೆದಿರುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಕೆಂಡ ಸಾಗಿಸಲು ಅಗ್ನಿಶಾಮಕದವರ ಒಪ್ಪಿಗೆ ಅಗತ್ಯವಿದ್ದು, ಕೇಳಲಾಗಿ, ಮಳೆಯು ಈಗಾಗಲೇ ಕರ್ತವ್ಯದ ಮೇಲಿದೆ ಎಂದು ಅವರು ತಿಳಿಸಿದರು. ಇನ್ನು ಮುಂದೆ ಮಳೆ ಹಿಡಿದ ದಿನಗಳಲ್ಲಿ ಒಲೆಯು ಮಕ್ಕಳ ಬಳಿಗೆ ಹೋಗತಕ್ಕದ್ದು, ಮಕ್ಕಳು ಒಲೆಯ ಬಳಿಗೆ ಬರತಕ್ಕದ್ದಲ್ಲ. ಸುತ್ತೋಲೆ-1ನ್ನು ಈ ಮಟ್ಟಿಗೆ ಮಾರ್ಪಡಿಸಲಾಗಿದೆ.

9. ಕಡೆಯ ಮನೆಗೂ ಕೆಂಡ ಕೊಟ್ಟು ಬಂದ ಜರೀನಾಬಿಯವರು, ಕೊಡೆ ಹಿಡಿದು ಒಂದೇ ಬೂಟಿನಲ್ಲಿ ನಿಂತಿದ್ದ ಶಾಖಾಧಿಕಾರಿಗಳಿಗೆ ಹೇಳಿದ್ದು: "ಹುಡುಗೋರ್ನ ನನ್ನ ಕೈಯಾರೆ ಹೊರಗ ಹಾಕೀನ್ರಿ ಸಾಹೇಬ್ರ. ಕೆಮ್ಮ ಹೋಗಿ ಬಿಸಲ ಬಿದ್ದ ದಿನ ಬಾಗಲಾ ತಗೀತೀನಿ. ಅವತ್ತ ಎಲ್ಲಾರೂ ಬರಬೇಕು ನೋಡ್ರಿ. ಒಂದ ಕೂಸೂ ಕಮ್ಮಿ ಆಗಬಾರದು. ಹೂಂ ಅನ್ರಿ."

10. ಈ ರೀತಿಯ ಭರವಸೆ ನೀಡಲು ಯಾವ ನಿಯಮದಲ್ಲಿಯೂ ಅವಕಾಶವಿರುವುದಿಲ್ಲ. ಹೂಂ ಎನ್ನಲಾಗಿದೆ.

ಸಹಿ/-
ಶಾಖಾಧಿಕಾರಿ
ಋತುಮಾನ ಹಾಗೂ ಬಾಲರೋಗ ಸಮನ್ವಯ ಶಾಖೆ

ಪ್ರತಿಗಳು:
1. ಓಣಿಯ ಎಲ್ಲ ತಾಯಂದಿರಿಗೆ – ಕೆಮ್ಮು ಕಡಿಮೆಯಾಯಿತೆಂದು ಔಷಧಿಯನ್ನು ನಡುವೆ ಬಿಡದಿರಲು.
2. ಶ್ರೀಮತಿ ಕೆಂಚವ್ವ ಅವರಿಗೆ – ಓದಿ ಹೇಳಿಸಿಕೊಂಡು ಬೈಯಲು.
3. ಶ್ರೀಮತಿ ಜರೀನಾಬಿ ಅವರಿಗೆ – ಹೊಸ್ತಿಲಾಚೆಯಿಂದ.
4. ಬಿಸಿಲಿಗೆ – ತುರ್ತು. ಖುದ್ದು ಹಾಜರಾಗಲು.