ಹೂಂಗುಟ್ಟುವವರು ಬೇಕಾಗಿದ್ದಾರೆ

ಕೆಲಸಕ್ಕೆ ಮರಳಿದ ಮೊದಲ ದಿನವೇ ಅವಳು ಕಾದಂಬರಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಾರದಿತ್ತು. ಊಟದ ಡಬ್ಬಿ, ಕೊಡೆಗಳ ನಡುವೆ ಆ ಮುನ್ನೂರು ಹಾಳೆಯ ಕಟ್ಟು ತೂರಿಕೊಂಡು, ಚೀಲ ದಿನ ತುಂಬಿದ ಬಸುರಿಯ ಹಾಗೆ ಉಬ್ಬಿತ್ತು. ಆದರೆ ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಒಂದು ವರ್ಷದ ಹಿಂದೆ, ಬರಹಗಾರ್ತಿಯಾಗುತ್ತೇನೆಂದು ರಾಜೀನಾಮೆ ಕೊಟ್ಟು ಹೊರಟಾಗ ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿ ಕಳಿಸಿದ್ದರು. ಅಂದಿನಿಂದ ಅಲ್ಲಿ ಅವಳ ಹೆಸರೇ ಲೇಖಕಿ. ಅವಳು ಬರೆದದ್ದೂ ನಿಜ. ಬರೆದು ಮುಗಿಸಿದ ಮೇಲೆ ಗೊತ್ತಾದದ್ದು, ಕಷ್ಟವಿರುವುದು ಕೇಳುವವರನ್ನು ಹುಡುಕುವುದರಲ್ಲಿ ಎಂದು. ಗಂಡ ಅವಳು ಮೊದಲ ಹಾಳೆ ಎತ್ತಿಕೊಳ್ಳುವುದಕ್ಕೂ ಮುಂಚೆಯೇ "ತುಂಬಾ ಚೆನ್ನಾಗಿದೆ ಕಣೇ" ಎಂದು ಹೇಳಿ ಗೋಡೆಯ ಕಡೆ ಮಗ್ಗುಲಾಗಿದ್ದ. ಹಾಸ್ಟೆಲಿನಲ್ಲಿದ್ದ ಮಗಳು "ಕಳಿಸಮ್ಮ, ಓದ್ತೀನಿ" ಎಂದವಳು ಇನ್ನೂ ಓದುತ್ತಲೇ ಇದ್ದಳು. ಪ್ರಕಾಶಕರು ಬೇಡವೆನ್ನುವ ಸೌಜನ್ಯವನ್ನೂ ತೋರಿಸಲಿಲ್ಲ. ಹಗಲೆಲ್ಲ ಖಾಲಿ ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಓದಿ ಹೇಳಿ ಹೇಳಿ, ಕೊನೆಗೆ ಗೋಡೆಯೂ ಬೇರೆ ಕಡೆ ನೋಡುತ್ತಿದೆ ಅನ್ನಿಸಿದ ದಿನ, ಅವಳು ಹಳೆಯ ಮ್ಯಾನೇಜರಿಗೆ ಫೋನು ಮಾಡಿ ಕೆಲಸ ಕೇಳಿದ್ದಳು.

ಅದು ಲಿಫ್ಟ್ ರಿಪೇರಿ ಕಂಪನಿ. ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಡುದಾರಿಯಲ್ಲಿ ನಿಂತು, ಒಳಗಿದ್ದವರು ಕೆಂಪು ಗುಂಡಿ ಒತ್ತಿದರೆ ಕರೆ ಬರುವುದು ಇವಳ ಮೇಜಿಗೆ. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವವರೆಗೂ ಅವರ ಜೊತೆ ಮಾತಾಡುತ್ತ ಧೈರ್ಯ ತುಂಬುವುದು ಇವಳ ಕೆಲಸ. ಏನು ಮಾತಾಡಬೇಕೆಂದು ಮ್ಯಾನೇಜರ್ ಗೋಡೆಗೆ ಅಂಟಿಸಿದ್ದ: 'ಗಾಬರಿ ಬೇಡ. ಮೆಕ್ಯಾನಿಕ್ ಹೊರಟಿದ್ದಾರೆ. ಲೈನಿನಲ್ಲೇ ಇರಿ.'

"ಬಂದ್ಯಾ ತಾಯಿ?" ಎಂದಳು ಪಕ್ಕದ ಮೇಜಿನಲ್ಲಿ ಬಿಲ್ಲು ಬರೆಯುವಾಕೆ. "ಎಲ್ಲಿ ನಿನ್ನ ಪುಸ್ತಕ?"

"ಇನ್ನೂ ಅಚ್ಚಾಗಿಲ್ಲ."

"ಅಯ್ಯೋ, ನಮ್ಮಾಫೀಸಿನವಳು ದೊಡ್ಡ ಮನುಷ್ಯಳಾಗ್ಬಿಟ್ಲು ಅಂತ ನಾದಿನಿ ಮುಂದೆ ಕೊಚ್ಕೊಂಡಿದ್ನಲ್ಲೇ! ಹೋಗ್ಲಿ, ಅದ್ರಲ್ಲಿ ನಾನಿದೀನಾ?"

"ಇಲ್ಲ."

"ಮತ್ತೆ ಹೇಗೆ ಅಚ್ಚಾಗತ್ತೆ ಬಿಡು," ಎಂದು ಬಿಲ್ಲಿನಾಕೆ ಮುಖ ತಿರುಗಿಸಿದಳು.

ಮಧ್ಯಾಹ್ನ ಎಲ್ಲರೂ ಊಟದ ಕೋಣೆಗೆ ಹೋದರು. ಲೇಖಕಿಯೂ ಡಬ್ಬಿ ಹಿಡಿದು ಹಿಂದೆಯೇ ಹೋದಳು. ಒಂದು ವರ್ಷದಲ್ಲಿ ಕುರ್ಚಿಗಳೆಲ್ಲ ಹಂಚಿಹೋಗಿದ್ದವು. ಅವಳು ಕೂರುತ್ತಿದ್ದ ಮೂಲೆಯಲ್ಲಿ ಗೋದಾಮಿನವನು ಕಾಲು ಚಾಚಿ ಕೂತಿದ್ದ. ಯಾರೂ ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. "ಫೋನ್ ಬಂದ್ರೆ ಕಷ್ಟ, ಅಲ್ಲೇ ತಿಂತೀನಿ," ಎಂದು ತನಗೆ ತಾನೇ ಹೇಳಿಕೊಂಡು ಮೇಜಿಗೆ ವಾಪಸು ಬಂದು ಮೊದಲ ತುತ್ತು ಎತ್ತಿದಳು. ಫೋನು ಬಂದೇಬಿಟ್ಟಿತು.

"ಹಲೋ! ಲಿಫ್ಟ್ ನಿಂತ್ಬಿಟ್ಟಿದೆ ಮೇಡಂ! ನಾನೊಬ್ನೇ ಇದೀನಿ!" ಗಂಡಸಿನ ದನಿ ಗಡಗಡ ನಡುಗುತ್ತಿತ್ತು.

ಅವಳು ಮೊಬೈಲಿನಲ್ಲಿ ಮೆಕ್ಯಾನಿಕ್‌ಗೆ ವಿಳಾಸ ಹೇಳಿ, ಮತ್ತೆ ಈ ಕಡೆಗೆ ಬಂದಳು. "ಗಾಬರಿ ಬೇಡ. ಮೆಕ್ಯಾನಿಕ್ ಹೊರಟಿದ್ದಾರೆ. ಲೈನಿನಲ್ಲೇ ಇರಿ."

"ಇರ್ತೀನಿ, ಇನ್ನೆಲ್ಲಿಗೆ ಹೋಗ್ಲಿ? ಏನಾದ್ರೂ ಮಾತಾಡ್ತಾ ಇರಿ ಮೇಡಂ. ಸುಮ್ನಿದ್ರೆ ಎದೆ ಹೊಡ್ಕೊಳತ್ತೆ."

"ಏನು ಮಾತಾಡ್ಲಿ?"

"ಏನಾದ್ರೂ! ಒಂದು ಕತೆನಾದ್ರೂ ಹೇಳಿ!"

ಬಾಯಿಯವರೆಗೆ ಬಂದಿದ್ದ ತುತ್ತು ಡಬ್ಬಿಗೆ ಮರಳಿತು. ಇಡೀ ವರ್ಷ ಅವಳು ಕಾದದ್ದು ಈ ಒಂದು ಮಾತಿಗೆ. ಕೈ ಒರೆಸಿಕೊಂಡು, ಚೀಲದಿಂದ ಕಟ್ಟು ತೆಗೆದು, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

ಕಾದಂಬರಿಯ ನಾಯಕಿ ಮೊದಲ ಅಧ್ಯಾಯದಲ್ಲಿ ಕಿಟಕಿಯ ಬಳಿ ಬಂದು ನಿಲ್ಲುತ್ತಾಳೆ. ಮೂರನೆಯ ಅಧ್ಯಾಯದವರೆಗೂ ನಿಂತೇ ಇರುತ್ತಾಳೆ.

"ಯಾಕೆ ನಿಂತಿದಾಳೆ?" ಎಂದು ಕೇಳಿದ ಆತ.

"ಗೊತ್ತಾಗತ್ತೆ, ಕೇಳಿ."

"ಹೂಂ."

ಅವಳ ಮೈ ಜುಮ್ಮೆಂದಿತು. ಓದುತ್ತ ಹೋದಳು. ಆ ಕಡೆ ಏನೋ ಸದ್ದಾಯಿತು. ಪಾಪ, ನೆಲದ ಮೇಲೆ ಆರಾಮಾಗಿ ಕೂತುಕೊಂಡಿರಬೇಕು. ಆಮೇಲೆ ಆತ ಪ್ರಶ್ನೆ ಕೇಳಲಿಲ್ಲ. "ಹೂಂ…" ಎನ್ನುತ್ತಿದ್ದ, ಅಷ್ಟೆ. ಎಂಥ ಹೂಂ! ಗಂಡನ ಹೂಂ ಎರಡನೆಯ ವಾಕ್ಯಕ್ಕೆ ಗೊರಕೆಯಾಗುತ್ತಿತ್ತು. ಫೋನಿನಲ್ಲಿ ಮಗಳ ಹೂಂ ಪಕ್ಕದಲ್ಲಿದ್ದ ಬೇರೆ ಯಾರಿಗೋ ಹೇಳಿದ್ದಿರುತ್ತಿತ್ತು. ಇದು ಅವಸರವಿಲ್ಲದ, ನಡುವೆ ಬಾಯಿ ಹಾಕದ, ತುಂಬು ಮನಸ್ಸಿನ ಹೂಂ.

ಊಟ ಮುಗಿಸಿ ಬಂದ ಬಿಲ್ಲಿನಾಕೆ ಗಲ್ಲಕ್ಕೆ ಕೈಕೊಟ್ಟು ಕೂತಳು. "ಏನೇ ಇದು, ಎಷ್ಟೊತ್ತು ನಿಲ್ಲಿಸ್ತೀಯ ಅವಳನ್ನ? ಕಾಲು ನೋಯಲ್ವಾ? ಒಂದು ಮದುವೆನಾದ್ರೂ ಮಾಡಿಸ್ಬಾರ್ದಾ?"

"ಶ್!" ಎಂದಳು ಲೇಖಕಿ.

ಅಷ್ಟರಲ್ಲಿ ಇನ್ನೊಂದು ಲೈನು ಕೂಗಿತು. ಊರಿನ ಆ ತುದಿಯಲ್ಲಿ ಒಬ್ಬ ಅಜ್ಜಿ ಸಿಕ್ಕಿಹಾಕಿಕೊಂಡಿದ್ದಳು. ಬಿಲ್ಲಿನಾಕೆ ಆ ಫೋನೆತ್ತಿಕೊಂಡು ಅಜ್ಜಿಯ ಸೊಸೆಯರ ಗುಣಾವಗುಣ ವಿಚಾರಿಸತೊಡಗಿದಳು. ದಾರಿಯಲ್ಲಿದ್ದ ಮೆಕ್ಯಾನಿಕ್ ಮೊಬೈಲಿನಲ್ಲಿ ಕೇಳಿದ: "ಅಕ್ಕ, ಮೊದಲು ಎಲ್ಲಿಗೆ ಹೋಗ್ಲಿ?"

ಲೇಖಕಿ ಉಳಿದ ಹಾಳೆಗಳ ಕಡೆ ನೋಡಿದಳು. "ವಯಸ್ಸಾದೋರು, ಪಾಪ. ಮೊದಲು ಅಲ್ಲಿಗೆ ಹೋಗು."

ಅಜ್ಜಿಯ ಮೇಲೆ ಕನಿಕರವೇನೋ ನಿಜ. ಇನ್ನೂ ಮುಕ್ಕಾಲು ಕಾದಂಬರಿ ಬಾಕಿಯಿತ್ತೆಂಬುದೂ ನಿಜ. ಅಳುಕುತ್ತಲೇ ಕೇಳಿದಳು, "ಸ್ವಲ್ಪ ತಡ ಆಗತ್ತೆ. ಪರವಾಗಿಲ್ವಾ?"

"ಹೂಂ…"

ವರ್ಣನೆಗಳನ್ನೆಲ್ಲ ಪುಟಗಟ್ಟಲೆ ಹಾರಿಸಿ ಕತೆಯನ್ನಷ್ಟೇ ಓದಿದಳು. ಮ್ಯಾನೇಜರ್ ಆ ಕಡೆಯಿಂದ ಹಾದುಹೋದಾಗ ದನಿ ಬದಲಾಗುತ್ತಿತ್ತು: "ಅವಳು ಕಣ್ಣೀರು ಒರೆಸಿಕೊಂಡು, ಗಾಬರಿ ಬೇಡ, ಮೆಕ್ಯಾನಿಕ್ ಹೊರಟಿದ್ದಾರೆ, ಅವನ ಎದೆಗೊರಗಿದಳು, ಲೈನಿನಲ್ಲೇ ಇರಿ." ಮ್ಯಾನೇಜರ್ ತಲೆ ಕೆರೆದುಕೊಂಡು ಮುಂದೆ ಹೋದ.

ಕೊನೆಯ ಅಧ್ಯಾಯದ ಮುಂದೆ ಬಂದು ಅವಳು ಹಾಳೆಗಳನ್ನು ಮಗುಚಿಟ್ಟಳು.

"ನಿಜ ಹೇಳ್ಲಾ? ಒಂದು ವರ್ಷದಿಂದ ನನ್ನ ಮಾತನ್ನ ಇಷ್ಟು ಹೊತ್ತು ಯಾರೂ ಕೇಳಿಲ್ಲ."

"ಹೂಂ…"

"ನಿಮ್ಮನ್ನ ಬೇಕೂಂತ ಕೂರಿಸ್ಕೊಂಡೆ. ತಪ್ಪಾಯ್ತು. ಹೊರಗೆ ಬಂದ್ಮೇಲೂ ಒಂದ್ಸಲ ಫೋನ್ ಮಾಡ್ತೀರಾ?"

"ಹೂಂ…"

ಅವಳ ಕಣ್ಣು ಮಂಜಾಯಿತು. ಆಗಲೇ ಅದೇ ಲೈನಿನಲ್ಲಿ ಮೆಕ್ಯಾನಿಕ್‌ನ ದನಿ ಕೇಳಿಸಿತು. "ಅಕ್ಕ? ನಾನು ಲಿಫ್ಟೊಳಗಿಂದ ಮಾತಾಡ್ತಿದೀನಿ. ಇಲ್ಲಿ ಯಾರೂ ಇಲ್ವಲ್ಲ?"

"ಏನು ಹಾಗಂದ್ರೆ? ಈಗಷ್ಟೇ ಮಾತಾಡ್ತಿದ್ರು!"

ಬಿಲ್ಲಿನಾಕೆ ತಡಮಾಡದೆ ಸ್ಪೀಕರ್ ಗುಂಡಿ ಒತ್ತಿದಳು. ಮ್ಯಾನೇಜರೂ ಬಂದು ನಿಂತ.

"ಆತ ಆಗ್ಲೇ ಹೋದ್ನಂತೆ ಅಕ್ಕ. ವಾಚ್‌ಮನ್ ಹೇಳ್ತಿದಾನೆ. ಫೋನಲ್ಲಿ ಯಾವಳೋ ಕಿಟಕಿ ಹತ್ರ ನಿಂತವಳು ಕೂರೋ ಹಾಗೇ ಕಾಣಲ್ಲ ಅಂತ ಬೈಕೊಂಡು, ಬಾಗಿಲ ಸಂದಿಗೆ ಬೆರಳು ಹಾಕಿ ಎಳೆದು, ತಾನೇ ಹೊರಗೆ ಹಾರಿದ್ನಂತೆ. ಮೆಟ್ಟಿಲು ಇಳಿದು ಓಡಿದ್ದೇ ಓಡಿದ್ದು."

"ಮತ್ತೆ… ಹೂಂ ಅಂತಿದ್ರಲ್ಲ?"

"ಅದಾ? ಫ್ಯಾನು. ಬೇರಿಂಗ್ ಹೋಗಿದೆ. ಕೇಳಿ ಬೇಕಾದ್ರೆ."

"ಹೂಂ…" ಎಂದಿತು ಸ್ಪೀಕರು.

ಬಿಲ್ಲಿನಾಕೆ ಸೆರಗು ಬಾಯಿಗೆ ತುರುಕಿಕೊಂಡಳು. ಮ್ಯಾನೇಜರ್ ಬೈಯುತ್ತಾನೆಂದು ಲೇಖಕಿ ತಲೆ ತಗ್ಗಿಸಿದರೆ, ಅವನ ಮುಖ ಅರಳಿತ್ತು.

"ಮೆಕ್ಯಾನಿಕ್ ಹೋಗೋಕ್ ಮುಂಚೆನೇ ಗಿರಾಕಿ ಹೊರಗೆ! ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ ಕಣಮ್ಮ. ನಾಳೆಯಿಂದ ಸಿಕ್ಕಿಹಾಕ್ಕೊಂಡೋರಿಗೆಲ್ಲ ಇದನ್ನೇ ಓದು."

"ಎಲ್ಲಾ ಓದ್ಲಾ ಸಾರ್?" ಅವಳ ದನಿಯಲ್ಲಿ ಇಷ್ಟೇ ಇಷ್ಟು ಆಸೆ ಇಣುಕಿತು.

"ಏಯ್, ಬೇಡಪ್ಪ! ಮೊದಲೆರಡು ಪುಟ ಸಾಕು."

ಸಂಜೆ ಎಲ್ಲರೂ ಚೀಲ ಎತ್ತಿಕೊಂಡು ಹೊರಟರು. ಬಿಲ್ಲಿನಾಕೆ ಬಾಗಿಲ ತನಕ ನಗುತ್ತಲೇ ಹೋದಳು. ಕೋಣೆ ಖಾಲಿಯಾಯಿತು. ಲೈನನ್ನು ಯಾರೂ ಕಡಿದಿರಲಿಲ್ಲ. ಲೇಖಕಿ ಒಮ್ಮೆ ಹಿಂದೆ ಮುಂದೆ ನೋಡಿ, ಸ್ಪೀಕರ್ ಆರಿಸಿ, ರಿಸೀವರ್ ಕಿವಿಗಿಟ್ಟುಕೊಂಡಳು. ಕೊನೆಯ ಅಧ್ಯಾಯದ ಹಾಳೆ ಎತ್ತಿಕೊಂಡು ಮೆಲ್ಲಗೆ ಓದತೊಡಗಿದಳು. ಒಂದು ಪುಟ ಮುಗಿಸಿ ನಿಲ್ಲಿಸಿದಳು. ಆ ಕಡೆ ಸದ್ದಿರಲಿಲ್ಲ.

"ಹಲೋ?" ಎಂದಳು.

"ಅಕ್ಕ, ಇನ್ನೂ ಅಲ್ಲೇ ಇದೀರಾ?" ಮೆಕ್ಯಾನಿಕ್ ಹೆಮ್ಮೆಯಿಂದ ಹೇಳಿದ. "ಬೇರಿಂಗ್ ಬದಲಾಯಿಸ್ಬಿಟ್ಟೆ. ಈಗ ಕೇಳಿ ನೋಡಿ, ಉಸಿರೇ ಇಲ್ಲ."