ಈಗಾಗಲೇ ಬಳಕೆಯಾದ ಅಜ್ಜಿಯಿಂದ ಕಲನಶಾಸ್ತ್ರ ವಿಭಾಗಕ್ಕೆ

ಮೊದಲ ವರ್ಷದ ಕಲನಶಾಸ್ತ್ರ ಪಾಠದ ಸಂಯೋಜಕರಾದ ಮೇಡಂ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಕಲ ಅಧ್ಯಾಪಕರಿಗೂ, ಮೂರನೇ ಕಿಟಕಿಯ ಗುಮಾಸ್ತರಿಗೂ, ಹೋಮ್‌ವರ್ಕ್ ತಿದ್ದುವ ಯಂತ್ರಕ್ಕೂ ನನ್ನ ಅನಂತ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನೂ ಕ್ಷೇಮ. ಈ ಕೊನೆಯ ಮಾತನ್ನು ಎಲ್ಲರೂ ಪತ್ರದಲ್ಲಿ ವಾಡಿಕೆಗೆಂದು ಬರೆಯುತ್ತಾರೆ. ನಾನು ಮಾತ್ರ ಅದನ್ನು ನನ್ನ ದೂರಿನ ಮುಖ್ಯ ಅಂಶವಾಗಿ ಬರೆಯುತ್ತಿದ್ದೇನೆ. ಏಕೆಂದರೆ ತಮ್ಮ ವಿಭಾಗದ ಗಣಕದ ಪ್ರಕಾರ ನಾನು ಈ ಸಲದ ಮೊದಲ ಟೆಸ್ಟಿನ ದಿನವೇ ತೀರಿಕೊಂಡಿದ್ದೇನೆ.

ತಮ್ಮ ತರಗತಿಗೆ ಬರುವ ನೂರಾರು ಮಕ್ಕಳಲ್ಲಿ ಹಿಂದಿನಿಂದ ಎರಡನೇ ಬೆಂಚಿನಲ್ಲಿ, ಕಿಟಕಿಯ ಬದಿಗೆ ಕೂರುವ ಸಣಕಲು ಹುಡುಗಿಯೊಬ್ಬಳು ತಮ್ಮ ನೆನಪಿನಲ್ಲಿ ಇರಬಹುದು, ಇಲ್ಲದಿರಲೂಬಹುದು. ಅವಳು ನನ್ನ ಮಗಳ ಮಗಳು. ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಸೇತುವೆ ಕಟ್ಟುವ ಓದು ಓದಬೇಕೆಂಬುದು ಅವಳ ಹಟ. ಕಲನಶಾಸ್ತ್ರ ಪಾಸಾಗದೆ ಎರಡನೇ ವರ್ಷದ ಬಾಗಿಲು ತೆರೆಯುವುದಿಲ್ಲವೆಂಬುದು ತಮ್ಮ ನಿಯಮ. ಹಾಗಾಗಿ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಹೊಸ ಅಳಿಯನಿಗೆ ಸಿಗುವಷ್ಟು ಮರ್ಯಾದೆಯಿದೆ. ಅದು ಮೇಜಿನ ಮೇಲೆ ಬಂದು ಕೂತಿತೆಂದರೆ ಉಳಿದವರೆಲ್ಲ ದನಿ ತಗ್ಗಿಸಿ ಓಡಾಡುತ್ತೇವೆ, ಅದಕ್ಕೆ ಕೋಪ ಬಾರದಿರಲೆಂದು ರೇಡಿಯೋ ಆರಿಸುತ್ತೇವೆ, ಹೋದ ಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಡುತ್ತೇವೆ.

ದೂರು ಹೇಳುವುದಕ್ಕೆ ಮೊದಲು ಹೊಗಳುವುದು ಹಿರಿಯರ ಪದ್ಧತಿ, ಆದ್ದರಿಂದ ತಮ್ಮ ಹೋಮ್‌ವರ್ಕ್ ಯಂತ್ರದಿಂದಲೇ ಶುರು ಮಾಡುತ್ತೇನೆ. ಅದರ ಶಿಸ್ತು ದೊಡ್ಡದು. ಭಾನುವಾರ ಸಂಜೆ ಆರು ಗಂಟೆಗೆ ಅದು ಬಾಗಿಲು ಮುಚ್ಚುತ್ತದೆ. ಆಮೇಲೆ ಬಂದವರು ಅಂಗಲಾಚಿದರೂ ತೆರೆಯುವುದಿಲ್ಲ. ಒಮ್ಮೆ ಗುಬ್ಬಿ ಅರ್ಧ ಎಂಬ ಉತ್ತರವನ್ನು ಮೇಲೊಂದು ಕೆಳಗೆರಡು ಹಾಕಿ ಬರೆದಳು. ಯಂತ್ರ ಅದನ್ನು ತಪ್ಪೆಂದು ಹೇಳಿ, ಸರಿಯಾದ ಉತ್ತರ ಸೊನ್ನೆ ಬಿಂದು ಐದು ಎಂದು ತಿಳಿಸಿತು. ಮುಂದಿನ ಲೆಕ್ಕದಲ್ಲಿ ಅವಳು ಸೊನ್ನೆ ಬಿಂದು ಐದು ಎಂದು ಬರೆದಳು. ಅದೂ ತಪ್ಪೇ ಆಯಿತು. ಸರಿಯಾದದ್ದು ಮೇಲೊಂದು ಕೆಳಗೆರಡು. ನನಗಿದು ಹೊಸತೇನಲ್ಲ, ನಾನೂ ಅತ್ತೆಯಿದ್ದ ಮನೆಗೆ ಸೊಸೆಯಾಗಿ ಹೋದವಳೇ, ಆದರೆ ನನ್ನ ಅತ್ತೆಯ ಸ್ವಭಾವವನ್ನು ಯಂತ್ರದೊಳಗೆ ತುಂಬಿಸಬಲ್ಲಷ್ಟು ವಿಜ್ಞಾನ ಮುಂದುವರಿದಿದೆಯೆಂದು ತಿಳಿದಿರಲಿಲ್ಲ. ಗೆಳತಿಯರೊಡನೆ ಕೂಡಿ ಚರ್ಚಿಸಿರಿ, ಆದರೆ ಒಬ್ಬರ ಉತ್ತರ ಇನ್ನೊಬ್ಬರ ಉತ್ತರದಂತೆ ಕಾಣಬಾರದು ಎಂಬ ತಮ್ಮ ಇನ್ನೊಂದು ನಿಯಮವೂ ಅಷ್ಟೇ ಸೊಗಸು. ಇದ್ದದ್ದು ಒಂದೇ ಉತ್ತರವಾದಾಗ, ಪಾಪ, ಆ ಮಕ್ಕಳು ಒಂದೇ ಒಲೆಯ ಮುಂದೆ ನಿಂತ ಇಬ್ಬರು ಓರಗಿತ್ತಿಯರಂತೆ ಮುಖ ಮುಖ ನೋಡಿಕೊಳ್ಳುತ್ತವೆ.

ಇನ್ನು ನಾನು ಸತ್ತ ಸಂಗತಿಗೆ ಬರುತ್ತೇನೆ.

ಮೊದಲ ಟೆಸ್ಟಿನ ದಿನವೇ ನನ್ನ ಕಣ್ಣಿನ ಪೊರೆ ತೆಗೆಸುವ ದಿನವೂ ಆಗಿತ್ತು. ಜೊತೆಗೊಬ್ಬರು ಇಲ್ಲದೆ ಬರಕೂಡದೆಂದು ಆಸ್ಪತ್ರೆಯವರು ಹೇಳಿದ್ದರು. ನನ್ನ ಮಗಳು ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವವಳು, ರಜೆ ಕೇಳಿದರೆ ಒಲೆಯನ್ನೇ ಮನೆಗೆ ಕಳಿಸುತ್ತೇವೆ ಎನ್ನುವಂಥ ಮೇಸ್ತ್ರಿ ಅವಳಿಗೆ. ಹಾಗಾಗಿ ಗುಬ್ಬಿ ಬದಲಿ ಪರೀಕ್ಷೆಗೆ ಅರ್ಜಿ ಹಾಕಲು ಗಣಕದ ಮುಂದೆ ಕೂತಳು. ಕಾರಣವನ್ನು ಆರಿಸಿರಿ ಎಂದಿತು ಗಣಕ. ಅಲ್ಲಿ ಇದ್ದದ್ದು ಮೂರೇ ಕಾರಣ: ವಿದ್ಯಾರ್ಥಿಯ ಸ್ವಂತ ಕಾಯಿಲೆ, ಹತ್ತಿರದ ಸಂಬಂಧಿಯ ಮರಣ, ವಿಶ್ವವಿದ್ಯಾಲಯದ ಪರವಾಗಿ ಆಟೋಟ. ಸಂಬಂಧಿಗೆ ಹುಷಾರಿಲ್ಲ ಎಂಬುದೊಂದು ಮಾತ್ರ ಇರಲಿಲ್ಲ. ತಮ್ಮ ವಿಭಾಗದ ಲೋಕದಲ್ಲಿ ಸಂಬಂಧಿಕರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾರೆ ಇಲ್ಲವೆ ಪಕ್ಕನೆ ಸಾಯುತ್ತಾರೆ. ನಡುವೆ ಮಂಚ ಹಿಡಿದು ಯಾರಿಗೂ ತೊಂದರೆ ಕೊಡುವುದಿಲ್ಲ. ಎಂಥ ಪುಣ್ಯವಂತ ಲೋಕ.

ತಪ್ಪು ಯಾರದೆಂದು ತಾವು ಕೇಳಿದರೆ, ವಿನಯಪೂರ್ವಕವಾಗಿ ತಮ್ಮದೇ ಎನ್ನುತ್ತೇನೆ. ಅದೇ ವಾರ ತಾವು ತರಗತಿಯಲ್ಲಿ, ನಿಖರವಾದ ಬೆಲೆ ಸಿಗದೆ ಹೋದಾಗ ಅದಕ್ಕೆ ತೀರ ಹತ್ತಿರದ, ಗೊತ್ತಿರುವ ಬೆಲೆಯೊಂದನ್ನು ಹಿಡಿದು ಮುಂದುವರಿಯಬಹುದು, ವ್ಯತ್ಯಾಸ ಸಣ್ಣದಿದ್ದರೆ ಕಡೆಗಣಿಸಬಹುದು ಎಂದು ಪಾಠ ಮಾಡಿದ್ದಿರಿ. ಗುಬ್ಬಿ ಒಳ್ಳೆಯ ವಿದ್ಯಾರ್ಥಿನಿ. ಕಾಯಿಲೆ ಅವಳ ಸ್ವಂತದ್ದಲ್ಲ, ನಾನು ಆಟೋಟದವಳಲ್ಲ. ಎಪ್ಪತ್ತೆಂಟು ವರ್ಷದ ಅಜ್ಜಿಗೂ ಮರಣಕ್ಕೂ ಇರುವ ದೂರವನ್ನು ಮನಸ್ಸಿನಲ್ಲೇ ಅಳೆದು, ಅದು ಕಡೆಗಣಿಸಬಹುದಾದಷ್ಟೇ ಸಣ್ಣದೆಂದು ತೀರ್ಮಾನಿಸಿ, ಎರಡನೆಯದನ್ನು ಒತ್ತಿದಳು. ಆದರೂ ಸುಳ್ಳಾಡಬಾರದೆಂದು ಕೆಳಗಿನ ವಿವರದ ಜಾಗದಲ್ಲಿ, ಅಜ್ಜಿಗೆ ಕಣ್ಣಿನ ಆಪರೇಷನ್, ಸಂಜೆಗೆ ಮನೆಗೆ ಬರುತ್ತಾರೆ ಎಂದು ಸ್ಪಷ್ಟವಾಗಿ ಬರೆದಳು. ಸತ್ತವರು ಸಂಜೆಗೆ ಮನೆಗೆ ಬರುವ ಕಥೆಗಳನ್ನು ನಾನೂ ಬೇಕಾದಷ್ಟು ಹೇಳಿದ್ದೇನೆ, ಆದರೆ ಕೇಳುವ ಮಕ್ಕಳು ಒಂದೆರಡು ಪ್ರಶ್ನೆಯನ್ನಾದರೂ ಹಾಕುತ್ತವೆ. ತಮ್ಮ ಗಣಕ ಏನನ್ನೂ ಕೇಳಲಿಲ್ಲ. ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು. ನನ್ನ ಕಣ್ಣಿನ ಪಟ್ಟಿ ಬಿಚ್ಚುವುದರೊಳಗೆ ಬಿಳಿ ಹೂವಿನ ಚಿತ್ರದೊಂದಿಗೆ ಸಂತಾಪ ಸಂದೇಶ ಬಂತು. ಹೊಸ ಕಣ್ಣಿನಲ್ಲಿ ನಾನು ಮೊಟ್ಟಮೊದಲು ಓದಿದ್ದು ನನ್ನ ಸಾವಿನ ಸುದ್ದಿಯನ್ನು. ಅಕ್ಷರ ಬಹಳ ಸ್ಪಷ್ಟವಾಗಿ ಕಂಡಿತು, ಡಾಕ್ಟರ ಕೈಗುಣ ಒಳ್ಳೆಯದು.

ಆಗ ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಗುಬ್ಬಿ ಬದಲಿ ಪರೀಕ್ಷೆ ಬರೆದು ತೊಂಬತ್ತೊಂದು ಅಂಕ ತಂದಳು. ಸತ್ತು ಸಾಧಿಸಿದೆ ಎಂದು ನಾನೂ ಬೀದಿಯಲ್ಲಿ ನಾಲ್ಕು ಜನರೆದುರು ಹೇಳಿಕೊಂಡೆ.

ಎರಡನೇ ಟೆಸ್ಟಿನ ಬೆಳಿಗ್ಗೆ ನಾನು ಮೆಟ್ಟಿಲ ಮೇಲಿಂದ ಜಾರಿ ಬಿದ್ದೆ. ಪಾದದ ಮೂಳೆ ಬಿರುಕು ಬಿಟ್ಟಿತು. ಪೆನ್ನು ಪೆನ್ಸಿಲು ಚೀಲಕ್ಕೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದ ಗುಬ್ಬಿ ಚೀಲವನ್ನು ಅಲ್ಲೇ ಬಿಸಾಕಿ ನನ್ನನ್ನು ಆಟೋಗೆ ಏರಿಸಿದಳು. ಪ್ಲಾಸ್ಟರು ಒಣಗುವ ಹೊತ್ತಿಗೆ ಟೆಸ್ಟು ಮುಗಿದಿತ್ತು. ಮನೆಗೆ ಬಂದವಳೇ ಮತ್ತೆ ಗಣಕದ ಮುಂದೆ ಕೂತಳು, ಮತ್ತೆ ಅದೇ ಮೂರು ಕಾರಣ, ಮತ್ತೆ ಹತ್ತಿರದ ಬೆಲೆ. ಈ ಸಲ ಗಣಕ ಹೂವು ಕಳಿಸಲಿಲ್ಲ. ಈ ಸಂಬಂಧಿಯು ಈಗಾಗಲೇ ಬಳಕೆಯಾಗಿದ್ದಾರೆ, ಬೇರೆ ಸಂಬಂಧಿಯನ್ನು ಆರಿಸಿರಿ ಎಂದಿತು.

ಮಾನ್ಯರೇ, ಈ ವಯಸ್ಸಿಗೆ ನನ್ನನ್ನು ಯಾರ್ಯಾರೋ ಏನೇನೋ ಅಂದಿದ್ದಾರೆ, ಬಳಕೆಯಾದವಳು ಎಂದವರು ತಾವೇ ಮೊದಲು. ಬೇರೆ ಸಂಬಂಧಿಗಳ ಪಟ್ಟಿಯಲ್ಲಿ ತಂದೆಯ ತಾಯಿ ಎಂಬುದೊಂದು ಹೊಳೆಯುತ್ತಿತ್ತು. ಅಂದರೆ ನನ್ನ ಬೀಗಿತ್ತಿ. ಎರಡು ಬೀದಿಯಾಚೆ ಆರೋಗ್ಯವಾಗಿದ್ದಾಳೆ, ನನಗಿಂತ ಒಂದು ಹಲ್ಲು ಹೆಚ್ಚೇ ಇದೆ ಎಂದು ಬಂದಾಗಲೆಲ್ಲ ಹೇಳುತ್ತಾಳೆ. ಆ ಹೆಸರಿನ ಮೇಲೆ ಬೆರಳು ಆಡಿಸುವ ಆಸೆ ಯಾರಿಗೂ ಆಗಲಿಲ್ಲ ಎಂದರೆ ಪೂರ್ತಿ ನಿಜವಾಗಲಾರದು. ಆದರೆ ಗುಬ್ಬಿ ಗಣಕವನ್ನು ಮುಚ್ಚಿದಳು. ಸಾಕು, ಹೋಗಿ ನೇರವಾಗಿ ಹೇಳೋಣ ಎಂದಳು.

ನಮ್ಮ ಕಥೆಗಳಲ್ಲಿ ಸತ್ತವರನ್ನು ಬದುಕಿಸಬೇಕಾದರೆ ರಾಜಕುಮಾರ ಏಳು ಸಮುದ್ರ ದಾಟಿ ಸಂಜೀವಿನಿ ತರುತ್ತಾನೆ. ತಮ್ಮಲ್ಲಿ ಮೂರನೇ ಕಿಟಕಿಯ ಸಾಲಿನಲ್ಲಿ ನಿಲ್ಲಬೇಕು. ಎರಡರಲ್ಲಿ ಯಾವುದು ಬೇಗ ಮುಗಿಯುತ್ತದೆಂದು ಹೇಳುವುದು ಕಷ್ಟ. ಒಂದು ಕಾಲಿಗೆ ಪ್ಲಾಸ್ಟರು, ಒಂದು ಕೈ ಗುಬ್ಬಿಯ ಹೆಗಲ ಮೇಲೆ, ಹಾಗೆ ಕುಂಟುತ್ತ ನಾನು ಕಿಟಕಿಗೆ ಮುಖ ಕೊಟ್ಟು ನಿಂತೆ. ಗುಮಾಸ್ತರು ಸಜ್ಜನರು. ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಎರಡನ್ನೂ ನೋಡಿದರು. ಆಮೇಲೆ ಬಹಳ ಸಂಕಟದಿಂದ ಹೇಳಿದರು: “ಅಜ್ಜಿ, ನೀವು ಬದುಕಿದೀರ ಅಂತ ನನಗೆ ಕಾಣ್ತಾ ಇದೆ. ನನಗೆ ಕಂಡು ಏನು ಬಂತು ಹೇಳಿ, ಇದಕ್ಕೆ ಕಾಣಬೇಕಲ್ಲ.” ನಾನು ಪರದೆಗೆ ಕಾಣಲೆಂದು ಕಿಟಕಿಯೊಳಗೆ ತಲೆ ತೂರಿಸಿದ್ದಕ್ಕೆ ಹಿಂದಿನ ಸಾಲಿನವರು ಗೊಣಗಿದರೆಂದು ಕೇಳಿದ್ದೇನೆ, ಅವರ ಕ್ಷಮೆ ಕೋರುತ್ತೇನೆ.

ಅಷ್ಟರಲ್ಲಿ ತಾವೇ ಒಳಗಿನಿಂದ ಬಂದಿರಿ. ಸೆರಗಿನ ತುದಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು, ಊಟ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೂ ನನಗೆ ಕುರ್ಚಿ ತರಿಸಿದಿರಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದಿರಿ, ಕೇಳಿ ನ್ಯಾಯ ಹೇಳಿದಿರಿ. ಅಜ್ಜಿ ಬದುಕಿರುವುದು ನಿಜವಾದರೆ ಮೊದಲ ಬದಲಿ ಪರೀಕ್ಷೆಯನ್ನು ಇಲ್ಲದ ಕಾರಣಕ್ಕೆ ಕೊಟ್ಟಂತಾಯಿತು, ಆ ತೊಂಬತ್ತೊಂದು ಸೊನ್ನೆಯಾಗುತ್ತದೆ, ಎರಡನೆಯದಕ್ಕೆ ಮಾತ್ರ ನನ್ನ ಅಧಿಕಾರದಲ್ಲಿ ಅವಕಾಶ ಕೊಡಬಲ್ಲೆ; ದಾಖಲೆ ಇದ್ದಂತೆಯೇ ಇರಲಿ ಎನ್ನುವುದಾದರೆ ತೊಂಬತ್ತೊಂದು ಉಳಿಯುತ್ತದೆ, ಎರಡನೆಯದು ಸೊನ್ನೆ. ಯಾವುದಾದರೂ ಒಂದು ಸೊನ್ನೆಯ ಜಾಗದಲ್ಲಿ ಕೊನೆಯ ಪರೀಕ್ಷೆಯ ಅಂಕ ಕೂರುತ್ತದೆ. ಆರಿಸಿಕೊಳ್ಳಿ ಎಂದಿರಿ. ಅಳೆದು ಸುರಿದು ಎರಡೂ ಕಡೆ ಒಂದೇ ತೂಕದ ಸೊನ್ನೆಯಿಟ್ಟ ತಮ್ಮ ಚಾತುರ್ಯಕ್ಕೆ ಶರಣು.

ನಾನು ತಡಮಾಡದೆ ಗುಬ್ಬಿಯ ಕಿವಿಯಲ್ಲಿ ಉಸುರಿದೆ. ಇದರಲ್ಲಿ ಯೋಚಿಸುವುದೇನಿದೆ, ಕೈಯಲ್ಲಿರುವ ತೊಂಬತ್ತೊಂದನ್ನು ಬಿಟ್ಟು ಗಾಳಿಯಲ್ಲಿರುವುದಕ್ಕೆ ಕೈ ಚಾಚುವವರುಂಟೇ, ನಾನು ಸತ್ತಂತೆಯೇ ಇರುತ್ತೇನೆ, ಈಗಾಗಲೇ ಅಭ್ಯಾಸವಾಗಿದೆ, ಊಟ ನಿದ್ದೆಗೇನೂ ತೊಂದರೆ ಆಗಿಲ್ಲ ಎಂದೆ. ಅವಳು ನನ್ನ ಮುಖವನ್ನೂ ನೋಡಲಿಲ್ಲ. ತಮ್ಮ ಕಡೆ ತಿರುಗಿ, “ಮೇಡಂ, ಬದುಕಿದಾರೆ ಅಂತ ಬರ್ಕೊಳ್ಳಿ. ಸೊನ್ನೆ ನನಗಿರ್ಲಿ” ಎಂದಳು. ನಾನು ಮತ್ತೆ ಬಾಯಿ ತೆರೆದಾಗ, “ನೀನು ಸುಮ್ನಿರಜ್ಜಿ, ನಿನಗೆ ಲೆಕ್ಕ ಬರಲ್ಲ” ಎಂದಳು.

ನಿಜ, ಬರುವುದಿಲ್ಲ. ಅದಕ್ಕೇ ಈ ಪತ್ರ. ನಾನು ಬದುಕಿರುವುದಕ್ಕೆ ತೊಂಬತ್ತೊಂದನ್ನು ಬಿಟ್ಟುಕೊಟ್ಟ ಲೆಕ್ಕ ಯಾವ ಬಗೆಯದೆಂದು ಅಂದಿನಿಂದ ಮಂಚದ ಮೇಲೆ ಕಾಲು ಚಾಚಿಕೊಂಡು ಯೋಚಿಸುತ್ತಿದ್ದೇನೆ, ಬಗೆಹರಿದಿಲ್ಲ. ಎರಡನೆಯದರ ಬದಲಿ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಐವತ್ತೆಂಟು. ನನ್ನ ಪ್ಲಾಸ್ಟರಿಗೆ ನೀರು ತಾಗದಂತೆ ನೋಡಿಕೊಳ್ಳುತ್ತ ಓದಿದವಳಿಗೆ ಅದೇ ಹೆಚ್ಚು. ಈಗ ಎಲ್ಲವೂ ಕೊನೆಯ ಪರೀಕ್ಷೆಯ ತಲೆಯ ಮೇಲೆ ಕೂತಿದೆ. ಅದು ಚೆನ್ನಾಗಿ ಆದರೆ ಸೊನ್ನೆ ಅಳಿಯುತ್ತದೆ, ಆಗದಿದ್ದರೆ ಅಜ್ಜಿ ಉಳಿದಳು, ವರ್ಷ ಹೋಯಿತು.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಉತ್ತರ ತಪ್ಪಾದರೂ ದಾರಿ ಸರಿಯಿದ್ದರೆ ಅರ್ಧ ಅಂಕ ಕೊಡುವ ಉದಾರ ಪದ್ಧತಿ ತಮ್ಮಲ್ಲಿದೆಯೆಂದು ಗುಬ್ಬಿ ಹೇಳುತ್ತಾಳೆ. ನನ್ನ ವಿಷಯದಲ್ಲಿ ಅವಳು ಹಿಡಿದ ದಾರಿ ಪೂರ್ತಿ ಸರಿಯಾಗಿಯೇ ಇದೆ. ನಾನು ಎಪ್ಪತ್ತೆಂಟು ವರ್ಷಗಳಿಂದ ಒಂದು ಹೆಜ್ಜೆಯೂ ತಪ್ಪದೆ ಆ ಕಡೆಗೇ ನಡೆಯುತ್ತಿದ್ದೇನೆ, ಉತ್ತರವನ್ನು ಮುಟ್ಟಿಲ್ಲ ಅಷ್ಟೆ. ಹತ್ತಿರ ಹತ್ತಿರ ಹೋಗುತ್ತ ಎಂದೂ ಮುಟ್ಟದಿರುವುದಕ್ಕೆ ತಾವು ತರಗತಿಯಲ್ಲಿ ಲಿಮಿಟ್ ಎಂಬ ಗೌರವದ ಹೆಸರು ಕೊಟ್ಟು ಎರಡು ವಾರ ಪಾಠ ಮಾಡುತ್ತೀರಿ, ನಾನು ಮಾಡಿದರೆ ಸೊನ್ನೆ ಕೊಡುತ್ತೀರಿ. ನಲವತ್ತೈದೂವರೆಯಾದರೂ ಮಂಜೂರಾಗಲಿ. ಅದು ಆಗದಿದ್ದರೆ, ಗಣಕದ ಮೂರು ಕಾರಣಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಸೇರಿಸಿ, ಸಂಬಂಧಿ ಬದುಕಿದ್ದಾರೆ, ಅದೇ ತೊಂದರೆ ಎಂದು ಬರೆಸಿರಿ. ಮುಂದಿನ ವರ್ಷದ ಮಕ್ಕಳ ಅಜ್ಜಿಯಂದಿರು ಹರಸುತ್ತಾರೆ. ಅದೂ ಆಗದಿದ್ದಲ್ಲಿ ಆ ಗಣಕವನ್ನೊಮ್ಮೆ ನಮ್ಮ ಮನೆಗೆ ಕಳಿಸಿರಿ. ನನ್ನ ಮಂಚದ ಪಕ್ಕದಲ್ಲಿ ನಾಲ್ಕು ದಿನ ಇರಲಿ, ಸಾಯುವುದಕ್ಕೂ ನರಳುವುದಕ್ಕೂ ಇರುವ ವ್ಯತ್ಯಾಸವನ್ನು ಉಚಿತವಾಗಿ ಕಲಿಸಿ ವಾಪಸು ಕಳಿಸುತ್ತೇನೆ, ಹೋಮ್‌ವರ್ಕನ್ನೂ ಕೊಡುತ್ತೇನೆ, ಭಾನುವಾರ ಆರು ಗಂಟೆ ಮೀರಿದರೂ ತೆಗೆದುಕೊಳ್ಳುತ್ತೇನೆ.

ತಾವು ಆ ದಿನ ಕೊಟ್ಟ ಕುರ್ಚಿಗೆ ಋಣಿಯಾಗಿ,

ತಮ್ಮ ವಿಶ್ವಾಸಿ,
ಗುಬ್ಬಿಯ ಅಜ್ಜಿ
(ಹಾಲಿ ಜೀವಂತ)

ವಿ.ಸೂ.: ಕೊನೆಯ ಪರೀಕ್ಷೆಯ ದಿನ ಗಂಟೆ ಹೊಡೆಯುವ ಮೊದಲೇ ನಾನು ಪರೀಕ್ಷೆಯ ಕೋಣೆಯ ಬಾಗಿಲ ಎದುರಿನ ಬೆಂಚಿನ ಮೇಲೆ ಬಂದು ಕೂರುತ್ತೇನೆ. ಯಾವ ಆಸ್ಪತ್ರೆಗೂ ಹೋಗುವುದಿಲ್ಲ, ಯಾವ ಮೆಟ್ಟಿಲನ್ನೂ ಹತ್ತುವುದಿಲ್ಲ, ಗುಬ್ಬಿ ತಲೆ ಎತ್ತಿದಾಗಲೆಲ್ಲ ಕಾಣುವಂತೆ ಕೂತಿರುತ್ತೇನೆ. ಬಾಗಿಲನ್ನು ಮುಚ್ಚದೆ ಇಡಿಸಿದರೆ ಉಪಕಾರ. ಒಂದು ವೇಳೆ ಕೂತಲ್ಲೇ ನನಗೇನಾದರೂ ಆಗಿಬಿಟ್ಟರೆ, ಅವಳು ಉತ್ತರಪತ್ರಿಕೆ ಕೊಟ್ಟು ಎದ್ದು ಬರುವ ತನಕ ದಯವಿಟ್ಟು ಯಾರೂ ಹೇಳಕೂಡದು. ತಮ್ಮ ಗಣಕಕ್ಕೆ ಬೇಕಾದರೆ ಆಗಲೇ ತಿಳಿಸಬಹುದು. ಅದಕ್ಕೆ ಹೇಗೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.